‘ಬಿಟ್ಟಿದೆ’ ಅಂದ್ರೆ ಏನು? ತಾತನ ಲೆಕ್ಕದ ಪುಸ್ತಕದ ಒಂದು ಸಾಲು

ಆಲೆಮನೆ_ಹುಡುಗ (ಮದ್ದೂರು ಕಡೆ)

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಅರ್ಥ ಕೇಳೋಕೆ ಬಂದಿದ್ದೇನೆ. ನಗಬೇಡಿ. ಈ ಪದದಿಂದ ನಮ್ಮ ಎರಡು ಮನೆಗಳ ಮಧ್ಯೆ ಮೂರು ತಿಂಗಳಿಂದ ಮಾತಿಲ್ಲ.

ಅಟ್ಟ ಖಾಲಿ ಮಾಡುವಾಗ ತಾತನ ಲೆಕ್ಕದ ಪುಸ್ತಕ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಪುಸ್ತಕ. ತಾತ ಆಲೆಮನೆ ನಡೆಸುತ್ತಿದ್ದರು. ಯಾರದು ಎಷ್ಟು ಗಾಡಿ ಕಬ್ಬು, ಎಷ್ಟು ಅಚ್ಚು ಬೆಲ್ಲ, ಯಾರಿಗೆ ಎಷ್ಟು ಕೂಲಿ, ಎಲ್ಲ ಇದೆ. ಮೂಗಿಗೆ ಹಿಡಿದರೆ ಈಗಲೂ ಬೆಲ್ಲದ ಪಾಕದ ವಾಸನೆ ಅಂತ ನಮ್ಮಮ್ಮ ಹೇಳುತ್ತಾರೆ. ನನಗೆ ಬಂದಿದ್ದು ಇಲಿ ವಾಸನೆ ಮಾತ್ರ.

1968ರ ಯುಗಾದಿ ಪುಟದಲ್ಲಿ ಹೀಗಿದೆ: ‘ತಂಗಿ ಸಾಲ 400 ಬಿಟ್ಟಿದೆ’. ಅಷ್ಟೇ. ಮುಂದೆ ಚುಕ್ಕಿಯೂ ಇಲ್ಲ.

ಕಥೆ ಏನಂದ್ರೆ, ತಾತನ ತಂಗಿ ಗಂಡ 1964ರಲ್ಲಿ 400 ರೂಪಾಯಿ ತಗೊಂಡು ನಾಲೆ ಪಕ್ಕದ ಹತ್ತು ಗುಂಟೆ ಗದ್ದೆಯನ್ನ ಆಧಾರ (ಅಡಮಾನ) ಬಿಟ್ಟಿದ್ದರು. ಬಾಯಿಮಾತಿನ ವ್ಯವಹಾರ. ಇವತ್ತಿಗೂ ಖಾತೆ ಅವರ ಹೆಸರಲ್ಲಿದೆ, ಉಳುತ್ತಿರೋದು ನಾವು. ಆ ಅಜ್ಜಿಯ ಮಗ, ಅಂದರೆ ನಮ್ಮ ಮಾವ, ಈ ಸಾಲು ನೋಡಿ ‘ನೋಡಿ, ನಮ್ಮ ಸಾಲ ಮನ್ನಾ ಮಾಡಿದ್ದಾರೆ, ಗದ್ದೆ ಬಿಟ್ಟುಕೊಡಿ’ ಅಂದರು. ನಮ್ಮಪ್ಪ ‘ಆ ವರ್ಷದ ಲೆಕ್ಕದಿಂದ ಬಿಟ್ಟಿದೆ ಅಂತ ಬರೆದಿರೋದು, ಸಾಲ ಹಾಗೇ ಇತ್ತು’ ಅಂತಾರೆ. ಅಪ್ಪನ ಇನ್ನೊಂದು ಸಾಕ್ಷಿ: 1968ರ ನಂತರ ತಾತ ತಂಗಿ ಮನೆಯಲ್ಲಿ ಒಂದು ತುತ್ತೂ ಊಟ ಮಾಡಲಿಲ್ಲವಂತೆ. ದುಡ್ಡು ಬರಲಿಲ್ಲ ಅನ್ನೋ ಸಿಟ್ಟು ಅಂತೆ.

ಯಾರು ಸರಿ?

ಸುಮ್ನೆ_ಬಂದೆ

ವಕೀಲರ ಹತ್ರ ಹೋಗಿ ಗುರು. ಇಲ್ಲಿ ಹತ್ತು ಜನಕ್ಕೆ ಹನ್ನೊಂದು ಅರ್ಥ ಸಿಗುತ್ತೆ.

ಕಲ್ಲು_ಓದೋನು (ಮಂಡ್ಯ)

ವಕೀಲರ ಹತ್ರ ಆಮೇಲೆ ಹೋಗಲಿ. ನಿಮ್ಮ ತಾಲ್ಲೂಕಿನಲ್ಲೇ ಇದಕ್ಕಿಂತ ದೊಡ್ಡ ಒಂದು ಪದದ ಜಗಳ ನಡೆದಿದೆ, ಅದನ್ನ ಹೇಳಿಬಿಡ್ತೀನಿ.

ಆತಕೂರು ಗೊತ್ತಲ್ಲ? ಅಲ್ಲಿ ಒಂದು ನಾಯಿಗೆ ನಿಲ್ಲಿಸಿದ ಕಲ್ಲು ಇತ್ತು. ಕ್ರಿ.ಶ. 949-50ರದ್ದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆ ಮ್ಯೂಸಿಯಂನಲ್ಲಿದೆ. ನಾಯಿ ಹೆಸರು ಕಾಳಿ. ಗಂಗರ ದೊರೆ ಬೂತುಗನ ಕಡೆಯ ಮಣಲೆರ ಅನ್ನೋ ವೀರ, ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಏನು ಬೇಕು ಕೇಳು ಅಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ರಾಜನ ಈ ನಾಯಿ ಕೇಳಿದ. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ನಾಯಿ ಹಂದಿ ಕಚ್ಚಾಡೋದನ್ನ ಕೆತ್ತಿದ್ದಾರೆ.

ಇದೇ ಕಲ್ಲಿನಲ್ಲಿ, ಆ ಯುದ್ಧದಲ್ಲಿ ಬೂತುಗ ಚೋಳರ ರಾಜಾದಿತ್ಯನನ್ನ ಕೊಂದದ್ದು ಹೇಗೆ ಅಂತಲೂ ಇದೆ. ‘ಬಿಸುಗೆಯೆ ಕಳನಾಗೆ’ ಸುರಿಗೆಯಿಂದ ಇರಿದ ಅಂತ. ಮೊದಮೊದಲು ‘ಕಳನಾಗೆ’ ಅನ್ನೋದನ್ನ ‘ಕಳ್ಳನಾಗಿ’ ಅನ್ನೋ ಹಾಗೆ ಓದಿದರು. ಆಯ್ತಲ್ಲ, ಬೂತುಗ ಮೋಸಗಾರ, ನಂಬಿಸಿ ಚುಚ್ಚಿದವನು. ಆಮೇಲೆ ತಿದ್ದಿ ಓದಿದರು. ಬಿಸುಗೆ ಅಂದ್ರೆ ಆನೆ ಮೇಲಿನ ಅಂಬಾರಿ. ಕಳ ಅಂದ್ರೆ ರಣರಂಗ, ನಮ್ಮ ಒಕ್ಕಣೆ ಕಣದ ಅಣ್ಣತಮ್ಮ. ಅಂದರೆ ಅಂಬಾರಿಯನ್ನೇ ರಣರಂಗ ಮಾಡಿಕೊಂಡು, ಆನೆ ಮೇಲೇ ಹತ್ತಿ ಇರಿದ. ಒಂದು ಒತ್ತಕ್ಷರ ಜಾಸ್ತಿ ಆದರೆ ಕೊಲೆಗಾರ, ಕಮ್ಮಿ ಆದರೆ ಶೂರ.

ಹಾಗಾದರೆ ಎರಡನೇ ಓದು ಸರಿ ಅಂತ ಹೇಗೆ ಗೊತ್ತು? ಗಂಗರ ಮೇಲಿನ ಅಭಿಮಾನದಿಂದ ಅಲ್ಲ. ಎದುರಾಳಿ ಚೋಳರ ಶಾಸನಗಳೇ ರಾಜಾದಿತ್ಯನನ್ನ ‘ಆನೆಯ ಮೇಲೆ ಮಡಿದ ದೊರೆ’ ಅಂತ ಕರೆಯುತ್ತವೆ. ಸೋತವರ ಕಡೆ ಮಾತೂ ಗೆದ್ದವರ ಕಡೆ ಮಾತೂ ಒಂದೇ ಜಾಗಕ್ಕೆ ಬಂದು ಕೂತವು.

ನಿಮ್ಮ ಮಾವನ ಮನೆಯಲ್ಲಿ ಆ ಕಾಲದ ಕಾಗದ ಏನಾದ್ರೂ ಇದೆಯಾ? ಮೊದಲು ಅದು ಕೇಳಿ.

ಸುಮ್ನೆ_ಬಂದೆ

ನಾಯಿ ಕಥೆ ಚೆನ್ನಾಗಿದೆ. ಆದರೆ ಹತ್ತು ಗುಂಟೆಗೂ ತಕ್ಕೋಲಕ್ಕೂ ಎಲ್ಲಿಂದೆಲ್ಲಿಗೆ.

ಸಂತೆಪೇಟೆ_ಲೆಕ್ಕಿಗ (ಮೈಸೂರು)

ನಾನು ಸಂತೆಪೇಟೆ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ನನಗೆ ಮೊದಲು ಕಂಡದ್ದು ಬೇರೆ. ಕನ್ನಡದಲ್ಲಿ ಏನನ್ನು ಬಿಟ್ಟಿದೆ ಅಂತ ಹೇಳದೇ ವಾಕ್ಯ ಮುಗಿಸಬಹುದು. ಸಾಲ ಬಿಟ್ಟಿದೆಯೋ, ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದೆಯೋ, ಗದ್ದೆ ಬಿಟ್ಟಿದೆಯೋ? ಬರೆದವರಿಗೆ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಲೆಕ್ಕದ ಪುಸ್ತಕ ಬರೆಯೋದು ತನಗೆ ನೆನಪಿಗೆ ತಾನೆ? ಮೊಮ್ಮಗ ಓದುತ್ತಾನೆ ಅಂತ ಯಾರೂ ಬರೆಯಲ್ಲ.

ಕಲಿತ ಲೆಕ್ಕಿಗ ಆಗಿದ್ದರೆ, ಸಾಲ ಬಿಟ್ಟದ್ದಕ್ಕೆ ‘ವಜಾ’ ಅಥವಾ ‘ಮಾಫಿ’ ಅಂತ ಬರೆಯುತ್ತಿದ್ದ. ಶಾನುಭೋಗರ ಕೈಬರಹದಲ್ಲಿ ಆ ಪದಗಳು ಬೇಕಾದಷ್ಟು ಸಿಗುತ್ತವೆ. (ಅವರ ಹಳೇ ಕಡತಗಳನ್ನ ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ ಬಳಪದಲ್ಲಿ ಬರೆಯೋದು. ಒರೆಸಿ ಮತ್ತೆ ಬರೆಯಬಹುದಿತ್ತು. ಅದರ ಮುಂದೆ ನಿಮ್ಮ ತಾತನ ಪುಸ್ತಕ ದೇವರು.) ನಿಮ್ಮ ತಾತ ಶಾನುಭೋಗರಲ್ಲ, ಹಾಗಾಗಿ ಅವರ ಪದ ಅವರದೇ.

ಒಂದು ಕೆಲಸ ಮಾಡಿ. ಯುಗಾದಿಗೆ ಹೊಸ ಪುಟ ಹಾಕುವಾಗ ಹಳೇ ಬಾಕಿಯನ್ನೆಲ್ಲ ಮುಂದಕ್ಕೆ ತರುತ್ತಾರೆ. 1969ರ ಯುಗಾದಿ ಪುಟದಲ್ಲಿ ತಂಗಿ ಹೆಸರು ಇದೆಯಾ ನೋಡಿ.

ಆಲೆಮನೆ_ಹುಡುಗ

ನೋಡಿದೆ ಸಾರ್. 1969ರ ಪುಟದ ಕೆಳಗಿನ ಅರ್ಧ ಗೆದ್ದಲು ತಿಂದಿದೆ. ಇರೋ ಅರ್ಧದಲ್ಲಿ ಹೆಸರಿಲ್ಲ.

ಸುಮ್ನೆ_ಬಂದೆ

ಗೆದ್ದಲು ಯಾವಾಗಲೂ ಬೇಕಾದ ಪುಟವನ್ನೇ ತಿನ್ನುತ್ತೆ.

ಅಗ್ರಹಾರದ_ಮೇಷ್ಟ್ರಮ್ಮ (ಮೈಸೂರು)

ಎಲ್ಲರೂ ಪದದ ಹಿಂದೆ ಬಿದ್ದಿದ್ದೀರಿ. ನನಗೆ ಭಯ ಓದುವವರ ಮೇಲೆ. ಮೊದಲೇ ತೀರ್ಮಾನ ಮಾಡಿಕೊಂಡು ಕೂತವರಿಗೆ ಯಾವ ಸಾಕ್ಷಿ ಕೊಟ್ಟರೂ ಅದು ಅವರ ಕಡೆಗೇ ವಾಲುತ್ತದೆ.

ತಲಕಾಡಿನ ಶಾಪ ತಗೊಳ್ಳಿ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡರು. ಆಮೇಲೆ ಅಲ್ಲಿನ ಹಿಂದಿನ ಅಧಿಪತಿಯ ಹೆಂಡತಿ ಅಲಮೇಲಮ್ಮ ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಅಂತ ಹೊಳೆಗೆ ಹಾರಿದಳು ಅನ್ನೋದು ಕಥೆ. ತಲಕಾಡಿನಲ್ಲಿ ಮರಳಿದೆ, ನಾನೇ ಚಪ್ಪಲಿ ಕೈಯಲ್ಲಿ ಹಿಡಿದು ಕಾಲು ಸುಟ್ಟುಕೊಂಡಿದ್ದೇನೆ. ಆದರೆ ಭೂವಿಜ್ಞಾನ ಓದಿದವರು ಹೇಳೋದು ಬೇರೆ. ಹೊಳೆ ಅಲ್ಲಿ ದೊಡ್ಡದಾಗಿ ತಿರುಗುತ್ತದೆ, ಮೇಲುಗಡೆ ವಿಜಯನಗರ ಕಾಲದಲ್ಲಿ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ನೀರು ಕಮ್ಮಿಯಾಗಿ ಮರಳ ದಿಬ್ಬ ಬಯಲಾಯಿತು, ಗಾಳಿ ಅದನ್ನ ಊರ ಮೇಲೆ ತಂದು ಸುರಿಯಿತು ಅಂತ. ಅಂದರೆ ಕಟ್ಟೆ ಶಾಪಕ್ಕಿಂತ ಹಳೆಯದು.

ಇನ್ನು ಮಕ್ಕಳ ವಿಷಯ. ಚಿಕ್ಕದೇವರಾಜ ಒಡೆಯರಿಗೆ ಮಗ ಇದ್ದರು, 1704ರಲ್ಲಿ ಅವರೇ ದೊರೆಯಾದರು. 1714ರಲ್ಲಿ ಅವರ ಮಗ ದೊರೆಯಾದರು. ತಂದೆ, ಮಗ, ಮೊಮ್ಮಗ, ಸಾಲಾಗಿ ಮೂವರು. ಶಾಪ ಆಗ ನಿದ್ದೆ ಮಾಡುತ್ತಿತ್ತಾ? ಇದನ್ನ ಹಿಂದೊಮ್ಮೆ ನಮ್ಮ ಬೀದಿಯಲ್ಲಿ ಒಬ್ಬರಿಗೆ ಹೇಳಿದೆ. ‘ಆ ಮಗ ಮೂಕರಸು ಅಲ್ವಾ ಮೇಡಂ, ಅದೇ ಶಾಪ’ ಅಂದರು! 2015ರಲ್ಲಿ ಮೈಸೂರು ಅರಮನೆಗೆ ದತ್ತು ಆದಾಗ ‘ನೋಡಿ ಶಾಪ’ ಅಂದರು. 2017ರಲ್ಲಿ ಮಗು ಹುಟ್ಟಿದಾಗ ‘ದತ್ತು ಬಂದವರಿಗೆ ಶಾಪ ಇಲ್ಲ’ ಅಂತ ಕೆಲವರು, ‘ಶಾಪ ವಿಮೋಚನೆ ಆಯ್ತು’ ಅಂತ ಇನ್ನು ಕೆಲವರು. ಏನಾದರೂ ಆಗಲಿ, ಶಾಪ ಮಾತ್ರ ಸೋಲೋದಿಲ್ಲ.

ನಿಮ್ಮಪ್ಪ ಊಟದ ವಿಷಯವನ್ನ ಸಾಕ್ಷಿ ಅಂದದ್ದು ಓದಿ ಇದು ನೆನಪಾಯಿತು. ತಾತ ಅಲ್ಲಿ ಉಂಡಿದ್ದರೆ ‘ಸಾಲ ಇದ್ದರೂ ತಂಗಿ ಮೇಲೆ ಪ್ರೀತಿ’ ಅನ್ನುತ್ತಿದ್ದರು. ಉಣ್ಣದಿದ್ದಕ್ಕೆ ‘ಸಿಟ್ಟು’ ಅಂತಾರೆ. ಎರಡರಲ್ಲೂ ಗದ್ದೆ ನಿಮ್ಮದೇ!

ಆಲೆಮನೆ_ಹುಡುಗ

ಮೇಡಂ, ಇದನ್ನ ಅಪ್ಪನಿಗೆ ಓದಿ ಹೇಳುವ ಧೈರ್ಯ ನನಗಿಲ್ಲ.

ಹೊಳೆದಂಡೆ_571

ಇದೇ ಥರ ಕೆಆರ್‌ಎಸ್‌ನಲ್ಲಿ ಟಿಪ್ಪು ಕಲ್ಲು ಇದೆಯಲ್ಲ, ಅದರ ಬಗ್ಗೆ ಹೇಳಿ. ಅಣೆಕಟ್ಟು ಟಿಪ್ಪುದೋ ಅಲ್ವೋ?

ಕಲ್ಲು_ಓದೋನು

ಬಂತಪ್ಪ. ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಕಲ್ಲು ಪರ್ಷಿಯನ್ ಭಾಷೆಯಲ್ಲಿದೆ. ಕಾವೇರಿಗೆ ಅಡ್ಡವಾಗಿ ಕಟ್ಟೆಗೆ ಅಸ್ತಿಭಾರ ಹಾಕಿಸಿದ ಅಂತಿದೆ. ಅಸ್ತಿಭಾರ ಅಂದರೆ ಅಸ್ತಿಭಾರ, ಕಟ್ಟೆ ಅಲ್ಲ. ಈಗಿರೋ ಅಣೆಕಟ್ಟಿನ ಕೆಲಸ ಶುರುವಾದದ್ದು 1911ರಲ್ಲಿ, ನಾಲ್ವಡಿಯವರ ಕಾಲದಲ್ಲಿ. ಒಬ್ಬರು ಕಲ್ಲಿಗಿಂತ ಜಾಸ್ತಿ ಓದುತ್ತಾರೆ, ಇನ್ನೊಬ್ಬರು ಕಲ್ಲೇ ಇಲ್ಲ ಅನ್ನುತ್ತಾರೆ. ಕಲ್ಲು ಎರಡಕ್ಕೂ ಹೊಣೆಯಲ್ಲ. ಈ ವಿಷಯ ಇಲ್ಲಿಗೆ ಬಿಡಿ, ಇಲ್ಲದಿದ್ದರೆ ಹುಡುಗನ ಗದ್ದೆ ಮುಳುಗಿಹೋಗುತ್ತೆ.

ಧಾರವಾಡದ_ಸೊಸೆ (ಈಗ ಮಂಡ್ಯ)

ಊಟದ ವಿಷಯಕ್ಕೆ ಬರ್ತೀನಿ. ನಾನು ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಮಾವ ‘ಏನವ್ವಾ, ಉಂಡ್ಯಾ?’ ಅಂತ ಜೋರಾಗಿ ಕೇಳೋರು. ನಮ್ಮ ಕಡೆ ‘ಊಟ ಆತೇನ್ರಿ’ ಅಂತ ಕೇಳಿ ಬೆಳೆದವಳು. ಬೈತಾ ಇದ್ದಾರೆ ಅಂತ ಮೂಲೆಗೆ ಹೋಗಿ ಅತ್ತಿದ್ದೀನಿ. ಆ ಜೋರು ಪ್ರೀತಿ ಅಂತ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು. ಈಗ ಮಾವ ಮೆತ್ತಗೆ ಮಾತಾಡಿದರೇ ಭಯ ಆಗುತ್ತೆ.

ಇನ್ನೊಂದು. ಮೊದಲ ಗೌರಿ ಹಬ್ಬದಲ್ಲಿ ಅತ್ತೆ ನಾಲ್ಕು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಬಾಗಿನದಲ್ಲಿ ಏನೋ ತಪ್ಪು ಮಾಡಿದೆ ಅಂದುಕೊಂಡೆ. ತವರಿಗೆ ಫೋನ್ ಮಾಡಿ ದೊಡ್ಡ ರಾಮಾಯಣ. ನಮ್ಮ ಅವ್ವನೂ ‘ಅವರು ಮೊದಲಿಂದ ಹಂಗ’ ಅಂತ ಉಪ್ಪು ಖಾರ ಸೇರಿಸಿದರು. ಐದನೇ ದಿನ ಅತ್ತೆ ಕೆನ್ನೆ ಊದಿಸಿಕೊಂಡು ಬಂದು ‘ಹಲ್ಲು ಕೀಳಿಸಬೇಕು, ಬರ್ತೀಯಾ ಜೊತೇಲಿ’ ಅಂದರು. ಹಲ್ಲುನೋವು ರೀ! ನಾಲ್ಕು ದಿನ ನಾನು ಆ ಮೌನಕ್ಕೆ ಏನೆಲ್ಲ ಅರ್ಥ ಕಟ್ಟಿದ್ದೆ.

ತಾತ ಉಣ್ಣಲಿಲ್ಲ ಅನ್ನೋದಕ್ಕೆ ಸಿಟ್ಟು ಒಂದೇ ಕಾರಣ ಅಲ್ಲ. ಸಾಲ ಬಿಟ್ಟವನು ಆ ಮನೆಯಲ್ಲಿ ಎಲೆ ಮುಂದೆ ಕೂತರೆ ಅವರಿಗೆ ಹಂಗು ಅನ್ನಿಸುತ್ತೆ ಅಂತ ದೂರ ಉಳಿಯೋರೂ ಇದ್ದಾರೆ. ನಮ್ಮ ಅಪ್ಪ ಹಾಗಿದ್ದರು. ಸಕ್ಕರೆ ಕಾಯಿಲೆ ಇದ್ದವರೂ ನೆಂಟರ ಮನೆ ಊಟಕ್ಕೆ ಹೆದರುತ್ತಾರೆ. ತಾತ ಬೇರೆಯವರ ಮನೆಯಲ್ಲಿ ಉಣ್ಣುತ್ತಿದ್ದರಾ? ಅದನ್ನ ಕೇಳಿದಿರಾ?

ಆಲೆಮನೆ_ಹುಡುಗ

ಅಮ್ಮನನ್ನ ಕೇಳಿದೆ ಅಕ್ಕಾ. ‘ಅವರು ಯಾರ ಮನೇಲಿ ಉಂಡಿದ್ದಾರೆ ಹೇಳು. ನನ್ನ ತವರಿಗೆ ಬಂದರೂ ಮಜ್ಜಿಗೆ ಕುಡಿದು ಎದ್ದು ಬರೋರು’ ಅಂದರು. ಅಪ್ಪನಿಗೆ ಇದು ನೆನಪೇ ಇಲ್ಲವಂತೆ. ತಂಗಿ ಮನೆಯದು ಮಾತ್ರ ನೆನಪಿದೆ.

ಗ್ರಂಥಾಲಯದ_ಮೂಲೆ (ಮೈಸೂರು)

ತಡವಾಗಿ ಬಂದೆ. ಒಂದು ದಾರಿ ಹೇಳ್ತೀನಿ. ಇದು ನಮ್ಮ ಮೈಸೂರಿನಲ್ಲೇ ಸಿಕ್ಕ ಓಲೆಗರಿಯಿಂದ ಕಲಿತದ್ದು.

ಕೌಟಿಲ್ಯನ ಅರ್ಥಶಾಸ್ತ್ರ ಪೂರ್ತಿಯಾಗಿ ಯಾರ ಕೈಗೂ ಸಿಕ್ಕಿರಲಿಲ್ಲ. ಬೇರೆಯವರು ಅಲ್ಲಲ್ಲಿ ಎತ್ತಿಕೊಂಡ ಮಾತುಗಳಿಂದಷ್ಟೇ ಗೊತ್ತಿತ್ತು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಲಿಪಿಯ ಓಲೆಗರಿ ಕಟ್ಟು ತಂದು ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದೇನು ಅಂತ ಗುರುತು ಹಿಡಿದರು, 1909ರಲ್ಲಿ ಅಚ್ಚು ಹಾಕಿಸಿದರು. ಕೃಷ್ಣರಾಜ ಬುಲೆವಾರ್ಡ್ ರಸ್ತೆಯ ಆ ಹಳೇ ಕಟ್ಟಡದ ಮುಂದೆ ಈಗಲೂ ಜನ ಸುಮ್ನೆ ನಡೆದುಕೊಂಡು ಹೋಗ್ತಾರೆ.

ಪುಸ್ತಕ ಸಿಕ್ಕಿತು ಅಂದಮೇಲೆ ಜಗಳ ಮುಗಿಯಬೇಕಲ್ವಾ? ಆಗಲೇ ಶುರುವಾದದ್ದು. ಚಂದ್ರಗುಪ್ತನ ಮಂತ್ರಿಯೇ ಬರೆದದ್ದಾ, ಎಷ್ಟೋ ಶತಮಾನ ಆದಮೇಲೆ ಬೇರೆಯವರು ಬರೆದದ್ದಾ? ದೊಡ್ಡ ದೊಡ್ಡ ವಿಚಾರಗಳನ್ನ ಹಿಡಿದು ಎರಡೂ ಕಡೆಯವರು ಜಗ್ಗಾಡಿದರು. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಅನ್ನೋ ವಿದ್ವಾಂಸರು ದೊಡ್ಡ ವಿಚಾರ ಬಿಟ್ಟು ಸಣ್ಣ ಪದ ಎಣಿಸಿದರು. ‘ಚ’, ‘ವಾ’ ಅಂಥವು. ಅಂದರೆ ನಮ್ಮ ‘ಮತ್ತು’, ‘ಅಥವಾ’. ಬರೆಯುವವನು ಇವನ್ನ ಯೋಚಿಸಿ ಬಳಸೋದಿಲ್ಲ, ಕೈ ತಾನಾಗಿ ಬರೆಯುತ್ತದೆ. ಬೇರೆ ಬೇರೆ ಭಾಗದಲ್ಲಿ ಲೆಕ್ಕ ಬೇರೆ ಬೇರೆ ಬಂತು. ಹಾಗಾಗಿ ಇದು ಒಂದೇ ಕೈ ಬರಹ ಅಲ್ಲ ಅಂದರು. ಎಲ್ಲರೂ ಒಪ್ಪಿದರು ಅಂತ ಅಲ್ಲ. ಆದರೆ ‘ನನಗೆ ಹಾಗನ್ನಿಸುತ್ತೆ’ ಅನ್ನೋ ಜಾಗದಲ್ಲಿ ‘ಎಣಿಸಿ ನೋಡು’ ಅನ್ನೋದು ಬಂತು.

ನೀವೂ ಎಣಿಸಿ. ಪುಸ್ತಕ ಪೂರ್ತಿ ತಿರುವಿ, ‘ಬಿಟ್ಟಿದೆ’ ಎಲ್ಲೆಲ್ಲಿದೆ ಬರೆದುಕೊಳ್ಳಿ. ಅಪ್ಪನ ಅರ್ಥವೂ ಬೇಡ, ಮಾವನ ಅರ್ಥವೂ ಬೇಡ. ತಾತನ ಅರ್ಥ ತಾತನ ಹತ್ತಿರವೇ ಕೇಳಿ.

ಸುಮ್ನೆ_ಬಂದೆ

ಇದು ಒಪ್ಪಿದೆ. ಮೊದಲ ಸಲ ಯಾರೋ ಕೆಲಸದ ಮಾತು ಹೇಳಿದರು.

ಕಲ್ಲು_ಓದೋನು

ನಾನು ಹೇಳಿದ್ದೂ ಅದೇ ಅಲ್ವಾ ಸ್ವಾಮಿ, ಬೇರೆ ಕಲ್ಲು ನೋಡಿ ಅಂತ.

ಸುಮ್ನೆ_ಬಂದೆ

ನೀವು ನಾಯಿ ತಂದಿರಿ.

ಆಲೆಮನೆ_ಹುಡುಗ

ಎರಡು ರಾತ್ರಿ ಕೂತು ಎಣಿಸಿದೆ. ‘ಬಾಕಿ’ 63 ಕಡೆ. ‘ಚುಕ್ತಾ’ 41 ಕಡೆ. ‘ಬಿಟ್ಟಿದೆ’ 6 ಕಡೆ ಮಾತ್ರ.

ಎರಡು ಸಲ ‘ನಾಲೆ ನೀರು ಬಿಟ್ಟಿದೆ’. ಒಂದು ಸಲ ‘ಅಮಾವಾಸ್ಯೆ ಗಾಣ ಬಿಟ್ಟಿದೆ’. ಒಂದು ಸಲ ‘ಎಡಗಡೆ ಎತ್ತು ಮೇಯಲು ಬಿಟ್ಟಿದೆ’, ಅದಕ್ಕೆ ಕಾಲು ನೋವಾಗಿತ್ತು ಅನ್ನಿಸುತ್ತೆ, ಹಿಂದಿನ ದಿನ ಎಣ್ಣೆ ತಂದ ಲೆಕ್ಕ ಇದೆ. ಐದನೇದು ತಂಗಿ ಸಾಲ.

ಆರನೇದು 1966ರಲ್ಲಿ. ಕುಲುಮೆಗೆ ಬೆಂಕಿ ಹಾಕುತ್ತಿದ್ದ ಆಳಿನ ಹೆಸರು ಬರೆದು ‘ಮುಂಗಡ 15 ಬಿಟ್ಟಿದೆ. ಮಗು ಹೋಯಿತು’.

ಇದನ್ನ ಓದಿ ಪುಸ್ತಕ ಮುಚ್ಚಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಪುಟಗಳನ್ನ ನೋಡಿದೆ. ಆ ಆಳಿನ ಹೆಸರು ಮುಂದೆ ಹನ್ನೊಂದು ವಾರ ಇದೆ. ಪೂರ್ತಿ ಕೂಲಿ ಕೊಟ್ಟಿದ್ದಾರೆ, 15 ರೂಪಾಯಿ ಎಲ್ಲೂ ಹಿಡಿದಿಲ್ಲ.

ಇನ್ನೂ ಒಂದು. ಲೆಕ್ಕದಲ್ಲಿ ಏನಾದರೂ ಬಿಟ್ಟುಹೋದರೆ ತಾತ ಪಕ್ಕದಲ್ಲಿ ‘ಮರೆತದ್ದು’ ಅಂತ ಬರೆದು ಸೇರಿಸುತ್ತಿದ್ದರು. ಅಂಥವು ಒಂಬತ್ತಿವೆ. ಅಂದರೆ ಅಪ್ಪ ಹೇಳುವ ಅರ್ಥಕ್ಕೆ ತಾತ ಬೇರೆ ಪದ ಇಟ್ಟುಕೊಂಡಿದ್ದರು. 1970ರ ಯುಗಾದಿ ಪುಟ ಪೂರ್ತಿ ಚೆನ್ನಾಗಿದೆ. ಹಳೇ ಬಾಕಿ ಪಟ್ಟಿಯಲ್ಲಿ ತಂಗಿ ಹೆಸರಿಲ್ಲ.

ಸಂತೆಪೇಟೆ_ಲೆಕ್ಕಿಗ

ಮಂಡಿಯಲ್ಲಿ ಇಷ್ಟು ಸಾಕ್ಷಿ ಇದ್ದಿದ್ದರೆ ನಾನು ಸಾಲ ತೀರಿತು ಅಂತ ಗೆರೆ ಎಳೆಯುತ್ತಿದ್ದೆ. ಅಪ್ಪನಿಗೆ ತೋರಿಸಿದಿರಾ?

ಆಲೆಮನೆ_ಹುಡುಗ

ತೋರಿಸಿದೆ ಸಾರ್. ಕನ್ನಡಕ ಹಾಕಿಕೊಂಡು ಆ ಆಳಿನ ಸಾಲನ್ನ ಎರಡು ಸಲ ಓದಿದರು. ‘ಇವನು ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರಕೊಂಡು ಹೋಗಿದ್ದ’ ಅಂದರು. ಆಮೇಲೆ ಟಾರ್ಚ್ ತಗೊಂಡು ಗದ್ದೆಗೆ ನೀರು ಕಟ್ಟೋಕೆ ಹೋದರು. ಅವತ್ತು ನಮ್ಮ ಸರದಿ ಇರಲಿಲ್ಲ.

ಧಾರವಾಡದ_ಸೊಸೆ

ಅದಕ್ಕೆ ಈಗಲೇ ಅರ್ಥ ಕಟ್ಟಬೇಡ ತಮ್ಮಾ. ನಾಲ್ಕು ದಿನ ಬಿಡು.

ಆಲೆಮನೆ_ಹುಡುಗ

ಬಿಟ್ಟೆ ಅಕ್ಕಾ. ಆದರೆ ಹೊಸದೊಂದು ಸಿಕ್ಕಿದೆ. 1968ರ ನಂತರ ಪ್ರತಿ ವರ್ಷ ಸುಗ್ಗಿಯಲ್ಲಿ ‘ತಂಗಿ ಮನೆಗೆ ಭತ್ತ 2 ಪಲ್ಲ’ ಅಂತಿದೆ (ಪಲ್ಲ ಅಂದ್ರೆ ಹಳೇ ಅಳತೆ). ಅಪ್ಪ ಅದನ್ನ ‘ಹೆಣ್ಣುಮಗಳಿಗೆ ತವರಿನಿಂದ ಕೊಟ್ಟದ್ದು’ ಅಂತಾರೆ. ಮಾವನಿಗೆ ಫೋನ್ ಮಾಡಿದೆ. ‘ಅದು ನಮ್ಮ ಗದ್ದೆ ಉಳೋದಕ್ಕೆ ಕೊಡ್ತಿದ್ದ ವಾರ’ ಅಂದರು, ಅಂದ್ರೆ ಗದ್ದೆ ಒಡೆಯರಿಗೆ ಕೊಡೋ ಬೆಳೆಯ ಪಾಲು. ಮೂರು ತಿಂಗಳ ಮೇಲೆ ಮಾತಾಡಿದ್ದು, ಫೋನ್ ಇಡೋ ಮುಂಚೆ ‘ಉಂಡ್ಯೇನ್ಲಾ’ ಅಂದರು.

ಕಲ್ಲು_ಓದೋನು

ತಾತ ಬೇರೆ ಯಾರಿಗಾದರೂ ವಾರ ಕೊಟ್ಟಿದ್ದರಾ? ಕೊಟ್ಟಿದ್ದರೆ ಅಲ್ಲಿ ಏನಂತ ಬರೆದಿದ್ದಾರೆ ನೋಡಿ. ಮಾವನ ಮನೆಯಲ್ಲೂ ಪುಸ್ತಕ ಇದ್ದರೆ ಅದನ್ನೂ.

ಆಲೆಮನೆ_ಹುಡುಗ

ಅವರ ಮನೆಯಲ್ಲೂ ಒಂದು ಟ್ರಂಕ್ ಇದೆಯಂತೆ. ಭಾನುವಾರ ಹೋಗ್ತಿದ್ದೀನಿ. ಅಪ್ಪನೂ ಬರ್ತೀನಿ ಅಂದಿದ್ದಾರೆ, ಊಟಕ್ಕಲ್ಲ ಅಂತಲೂ ಹೇಳಿದ್ದಾರೆ.

ಅಗ್ರಹಾರದ_ಮೇಷ್ಟ್ರಮ್ಮ

ಹೋಗಿ ಬನ್ನಿ. ನಡುವೆ ಒಂದು ಪ್ರಶ್ನೆ ಕಲ್ಲು ಓದುವವರಿಗೆ: ಆತಕೂರಿನ ಕಲ್ಲಿನಲ್ಲಿ ನಾಯಿ ಪಾಪದ ಮಾತೂ ಇದೆಯಲ್ಲ?

ಕಲ್ಲು_ಓದೋನು

ಇದೆ ಮೇಡಂ. ಆ ಜಾಗ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಅಂತ. ಹಂದಿ ಹಿಡಿದು ಸತ್ತ ನಾಯಿ ಏನು ಪಾಪ ಮಾಡಿತ್ತೋ, ನಾನಂತೂ ಇಪ್ಪತ್ತು ವರ್ಷದಿಂದ ಯೋಚಿಸುತ್ತಿದ್ದೇನೆ.

ಸುಮ್ನೆ_ಬಂದೆ

ಮತ್ತೆ ನಾಯಿ. ಹುಡುಗಾ, ಭಾನುವಾರ ಮೂಲ ಪುಸ್ತಕ ಮನೇಲೇ ಇರಲಿ. ಝೆರಾಕ್ಸ್ ತಗೊಂಡು ಹೋಗು. ಗೆದ್ದಲಿನ ಪುಟದ್ದೂ ಸೇರಿಸಿ.